ಬಡ್ತಿ ಕೊಡುವ ದೇವರು

ಕ್ರೈಸ್ತ ನಂಬಿಕೆಯನ್ನು ಬಳಸಿಕೊಂಡು ಬದುಕಿನಲ್ಲಿ, ನೌಕರಿಯಲ್ಲಿ ಮೇಲೆ ಬರುವುದು ಹೇಗೆ ಎಂದು ಹೇಳಿಕೊಡುವ ಪುಸ್ತಿಕೆಗಳಿಗೆ ಈಗ ಒಳ್ಳೆಯ ಕಾಲ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಸಭೆಗಳಲ್ಲಿ ಆರಾಧನೆ ಮುಗಿದ ಮೇಲೆ ಅವು ಕೈಯಿಂದ ಕೈಗೆ ಹೋಗುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಬೆಳಗಿನ ಸಂದೇಶವಾಗಿ ಬರುತ್ತವೆ. ಶನಿವಾರ ಸಂಜೆ ಬಾಡಿಗೆ ಹಾಲುಗಳಲ್ಲಿ ಸೆಮಿನಾರುಗಳಾಗುತ್ತವೆ. ಹೆಚ್ಚಿನವು ಅಮೆರಿಕದ ಇಂಗ್ಲಿಷಿನಲ್ಲಿ ಹುಟ್ಟಿದಂಥವು. ಅನುವಾದ ಮಾಡಿ ಅನ್ನ ತಿನ್ನುವ ನನ್ನಂಥವರ ಬಳಿಗೆ ಅವು ಕನ್ನಡವಾಗಲು ಬರುತ್ತವೆ.

ಅವುಗಳ ಅಚ್ಚು ಒಂದೇ. ಮೊದಲು ಒಂದು ವಚನ. ಆಮೇಲೆ ಒಂದು ಕಥೆ: ಒಬ್ಬ ಮ್ಯಾನೇಜರ್, ಅವನಿಗೊಂದು ಸೋಲು, ಒಂದು ಪ್ರಾರ್ಥನೆ, ನಂತರ ಮೊದಲಿಗಿಂತ ದೊಡ್ಡ ಹುದ್ದೆ. ಕೊನೆಗೆ ನಾಲ್ಕು ಖಾಲಿ ಗೆರೆ. ಈ ವರ್ಷ ದೇವರಿಂದ ನೀನು ಏನನ್ನು ನಿರೀಕ್ಷಿಸುತ್ತೀ ಎಂದು ಅಲ್ಲಿ ಬರೆಯಬೇಕು.

ಈ ಸಾಹಿತ್ಯ ಕ್ರೈಸ್ತ ನಂಬಿಕೆಯನ್ನು ತಲೆಕೆಳಗು ಮಾಡಿದೆ ಎಂಬುದು ನನ್ನ ವಾದ. ನಂಬಿಕೆಗೂ ನೌಕರಿಗೂ ಸಂಬಂಧವಿಲ್ಲ ಎಂದು ನಾನು ಹೇಳುತ್ತಿಲ್ಲ. ಸಂಬಂಧ ಬಹಳ ಇದೆ, ಈ ಪುಸ್ತಿಕೆಗಳು ಒಪ್ಪಲು ಸಿದ್ಧವಿರುವುದಕ್ಕಿಂತ ಹೆಚ್ಚೇ ಇದೆ. ಆದರೆ ಬೈಬಲ್ ಕೆಲಸದ ಬಗ್ಗೆ ಮಾತಾಡುವಾಗ ಕೂಲಿ, ವಿಶ್ರಾಂತಿ, ಪಕ್ಕದವರ ಹೊಟ್ಟೆ ಇವುಗಳ ಬಗ್ಗೆ ಮಾತಾಡುತ್ತದೆ. ಪುಸ್ತಿಕೆಗಳು ಮಾತಾಡುವುದು ಒಬ್ಬನ ಬಡ್ತಿಯ ಬಗ್ಗೆ. ಈ ವ್ಯತ್ಯಾಸ ಇಂಗ್ಲಿಷಿನಲ್ಲಿ ಅಡಗಿ ಕೂರುತ್ತದೆ, ಕನ್ನಡಕ್ಕೆ ತರುವಾಗ ಹೊರಬೀಳುತ್ತದೆ. ಅದಕ್ಕೇ ಈ ಮಾತನ್ನು ವ್ಯಾಕರಣದಿಂದ ಶುರು ಮಾಡುತ್ತೇನೆ.

ನೀನು, ನೀವು

ಈ ಪುಸ್ತಿಕೆಗಳ ಅಚ್ಚುಮೆಚ್ಚಿನ ವಚನ ಯೆರೆಮೀಯ 29:11. ನಿನ್ನ ಬಗ್ಗೆ ನನ್ನಲ್ಲಿ ಯೋಜನೆಗಳಿವೆ, ಅವು ಒಳಿತಿನವು, ನಿನಗೆ ಭವಿಷ್ಯವಿದೆ ಎಂಬರ್ಥದಲ್ಲಿ ಅದು ಕಾಫಿ ಮಗ್ಗಿನ ಮೇಲೆ, ಲ್ಯಾಪ್‌ಟಾಪಿನ ಸ್ಟಿಕರಿನಲ್ಲಿ, ಇಂಟರ್‌ವ್ಯೂಗೆ ಹೊರಟವರ ಸ್ಟೇಟಸ್ಸಿನಲ್ಲಿ ಕಾಣಿಸುತ್ತದೆ. ಇಂಗ್ಲಿಷಿನಲ್ಲಿ ‘ಯೂ’ ಎಂಬ ಒಂದೇ ಪದ ಇರುವುದರಿಂದ ಅದು ಒಬ್ಬನಿಗೆ ಹೇಳಿದ ಮಾತೋ ಒಂದು ಗುಂಪಿಗೆ ಹೇಳಿದ್ದೋ ತಿಳಿಯುವುದಿಲ್ಲ. ಹೀಬ್ರೂ ಮೂಲದಲ್ಲಿ ಅದು ಬಹುವಚನ. ಕನ್ನಡದಲ್ಲಿ ‘ನೀನು’ ಅಲ್ಲ, ‘ನೀವು’. ಕನ್ನಡದಲ್ಲೂ ಒಂದು ತೊಡಕಿದೆ ನಿಜ: ನಾವು ಒಬ್ಬರಿಗೇ ಮರ್ಯಾದೆಯಿಂದ ‘ನೀವು’ ಅನ್ನುತ್ತೇವೆ. ಹಾಗಾಗಿ ಓದುಗ ಅದನ್ನು ತನಗೊಬ್ಬನಿಗೇ ಹೇಳಿದ ಗೌರವದ ಮಾತು ಎಂದುಕೊಳ್ಳಬಹುದು. ಸರಿಯಾದ ಅರ್ಥ ಬರಬೇಕಾದರೆ ‘ನೀವೆಲ್ಲ’ ಅನ್ನಬೇಕು.

ಯಾರು ಆ ‘ನೀವೆಲ್ಲ’? ಯೆರೂಸಲೇಮಿನಿಂದ ಬಾಬಿಲೋನಿಗೆ ಸೆರೆಯಾಗಿ ಹೋದವರು. ಊರು ಕಳೆದುಕೊಂಡವರಿಗೆ ಪ್ರವಾದಿ ಬರೆದ ಪತ್ರ ಅದು. ಒಂದು ವಚನ ಹಿಂದೆ ಹೋದರೆ, 29:10ರಲ್ಲಿ, ಎಪ್ಪತ್ತು ವರ್ಷ ಕಾಯಬೇಕು ಎಂದಿದೆ. ಎಪ್ಪತ್ತು ವರ್ಷ ಎಂದರೆ ಪತ್ರ ಓದಿಸಿಕೊಂಡ ಬಹುಪಾಲು ಜನ ಆ ಒಳಿತನ್ನು ಕಾಣದೆ ಸಾಯುತ್ತಾರೆ. ಮುಂದಿನ ಅಪ್ರೈಸಲ್‌ನೊಳಗೆ ನೆರವೇರಬೇಕಾದ ವಾಗ್ದಾನ ಇದಲ್ಲ. ಇನ್ನೂ ಹಿಂದೆ, 29:7ರಲ್ಲಿ, ನಿಮ್ಮನ್ನು ಸೆರೆಗೆ ಒಯ್ದ ಆ ಊರಿನ ಕ್ಷೇಮಕ್ಕಾಗಿಯೇ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಎಂಬರ್ಥದ ಮಾತಿದೆ. ಎರಡೂ ಕಡೆ ಹೀಬ್ರೂ ಪದ ಒಂದೇ, ‘ಶಾಲೋಮ್’. ಹೆಚ್ಚು ಮಾರಾಟವಾಗುವ ಇಂಗ್ಲಿಷ್ ಅನುವಾದವೊಂದು ಹನ್ನೊಂದನೆಯ ವಚನದಲ್ಲಿ ಅದನ್ನು ‘ಅಭಿವೃದ್ಧಿ’ಯ ಅರ್ಥಕ್ಕೆ ತಿರುಗಿಸಿತು. ಪುಸ್ತಿಕೆಗಳಿಗೆ ಅಷ್ಟು ಸಾಕಾಯಿತು. ಕನ್ನಡದಲ್ಲಿ ‘ಹಿತ’ ಎಂದರೆ ಅದರ ಹತ್ತಿರ ಬರುತ್ತದೆ. ಹಿತ ಎಂಬುದು ಊರಿಗೆ ಇರುತ್ತದೆ, ಮನೆಗೆ ಇರುತ್ತದೆ. ಒಬ್ಬನ ಸಿ.ವಿ.ಯಲ್ಲಿ ಇರುವುದಿಲ್ಲ.

ಊರು ಬಿಟ್ಟು ಇನ್ನೊಂದು ಊರಿನಲ್ಲಿ ದುಡಿಯುವವರಿಗೆ ಬರೆದ ಪತ್ರ ಎಂದ ಮೇಲೆ ಅದು ನಮಗೇ ಬರೆದದ್ದು. ಡೊಂಬಿವಲಿಯಿಂದ ಥಾಣೆಗೆ ಬಂದು, ಅಲ್ಲಿ ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿದು ಐರೋಲಿ, ಘನ್ಸೋಲಿ, ತುರ್ಭೆಯಲ್ಲಿ ಇಳಿಯುವ ಕನ್ನಡಿಗರೆಲ್ಲ ಇನ್ನೊಬ್ಬರ ಊರಿನಲ್ಲಿ ಕೂಳು ಹುಡುಕಿ ಬಂದವರೇ. ನವಿ ಮುಂಬಯಿ ಎಂಬ ಊರೇ ಆಗ್ರಿ, ಕೋಳಿ ಜನರ ಗದ್ದೆ ಮತ್ತು ಉಪ್ಪಿನ ಆಗರಗಳ ಮೇಲೆ ಎದ್ದದ್ದು. 1970ರಲ್ಲಿ ಸಿಡ್ಕೊ ಹುಟ್ಟಿತು. ಭೂಮಿಗೆ ನ್ಯಾಯವಾದ ಬೆಲೆ ಕೇಳಿ ದಿ. ಬಾ. ಪಾಟೀಲರ ನೇತೃತ್ವದಲ್ಲಿ 1984ರ ಜನವರಿಯಲ್ಲಿ ನಡೆದ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಐವರು ಸತ್ತರು. ಈ ಊರಿನ ಕ್ಷೇಮದಲ್ಲೇ ನಿನ್ನ ಕ್ಷೇಮ ಎಂದು ಓದಿದವನಿಗೆ, ನಾನು ಕೂತ ಕಟ್ಟಡದ ಕೆಳಗಿನ ನೆಲ ಯಾರದ್ದಾಗಿತ್ತು ಎಂಬ ಪ್ರಶ್ನೆ ಬರಬೇಕು. ಪುಸ್ತಿಕೆ ಓದಿದವನಿಗೆ ಬರುವ ಪ್ರಶ್ನೆ, ಇದೇ ಕಟ್ಟಡದಲ್ಲಿ ಎರಡು ಮಹಡಿ ಮೇಲೆ ಹೋಗುವುದು ಹೇಗೆ ಎಂಬುದು.

ತಲಾಂತಿನ ಲೆಕ್ಕ

ಎರಡನೆಯ ಅಚ್ಚುಮೆಚ್ಚು ತಲಾಂತುಗಳ ಸಾಮ್ಯ, ಮತ್ತಾಯ 25ನೇ ಅಧ್ಯಾಯ. ಯಜಮಾನ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಕೊಟ್ಟು ಹೋಗುತ್ತಾನೆ. ಇಬ್ಬರು ಅದನ್ನು ದುಪ್ಪಟ್ಟು ಮಾಡುತ್ತಾರೆ, ಒಬ್ಬ ಹೂತಿಡುತ್ತಾನೆ. ದೇವರು ಕೊಟ್ಟ ಪ್ರತಿಭೆಯನ್ನು ಹೂತಿಡಬೇಡ, ಬೆಳೆಸು, ಲಿಂಕ್ಡ್‌ಇನ್‌ನಲ್ಲಿ ಹಾಕು ಎಂಬುದು ಪಾಠ.

‘ತಲಾಂತು’ ಎಂಬುದು ಗ್ರೀಕಿನಲ್ಲಿ ಒಂದು ತೂಕ, ಆ ತೂಕದ ಬೆಳ್ಳಿ. ಇಂಗ್ಲಿಷಿನಲ್ಲಿ ಅದೇ ಪದ ‘ಪ್ರತಿಭೆ’ ಎಂಬ ಅರ್ಥಕ್ಕೆ ಹೊರಳಿದ್ದು ಈ ಸಾಮ್ಯವನ್ನು ಶತಮಾನಗಳ ಕಾಲ ಬೋಧಿಸಿದ್ದರ ಫಲ. ಕನ್ನಡಕ್ಕೆ ಪದ ಬಂದದ್ದು ಹಣದ ಲೆಕ್ಕವಾಗಿಯೇ. ಈಗ ನಮ್ಮ ಸಭೆಗಳಲ್ಲಿ ಹಾಡುವ ಮಗುವಿಗೆ ‘ಒಳ್ಳೆ ತಲಾಂತಿದೆ’ ಎಂದು ಹೇಳುವಾಗ ನಾವು ಇಂಗ್ಲಿಷಿನ ಅರ್ಥವನ್ನು ಕನ್ನಡದ ಬಾಯಲ್ಲಿ ಆಡುತ್ತಿರುತ್ತೇವೆ. ಅದರಲ್ಲಿ ತಪ್ಪೇನಿಲ್ಲ, ಭಾಷೆ ಹಾಗೇ ನಡೆಯುತ್ತದೆ. ಆದರೆ ಹಣದ ಲೆಕ್ಕವನ್ನು ಒಮ್ಮೆ ನೋಡೋಣ. ಒಂದು ತಲಾಂತು ಎಂದರೆ ಸುಮಾರು 6000 ದೀನಾರಿ. ಒಂದು ದೀನಾರಿ ಒಬ್ಬ ಕೂಲಿಯ ಒಂದು ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ಒಂದು ತಲಾಂತಿಗೆ 20 ವರ್ಷ ಬೇಕು. ಒಂದೇ ತಲಾಂತು ಸಿಕ್ಕ ‘ಪಾಪದ’ ಆಳಿನ ಕೈಯಲ್ಲೂ ಒಬ್ಬ ಕೂಲಿಯ ಅರ್ಧ ಆಯುಷ್ಯವಿತ್ತು.

ಇನ್ನೊಂದು ವಿಷಯ. ಪುಸ್ತಿಕೆಗಳು 30ನೇ ವಚನಕ್ಕೆ ನಿಲ್ಲುತ್ತವೆ. ಮತ್ತಾಯ ನಿಲ್ಲುವುದಿಲ್ಲ. 31ರಿಂದ ಅಂತಿಮ ತೀರ್ಪಿನ ಚಿತ್ರ ಶುರುವಾಗುತ್ತದೆ. ಅಲ್ಲಿ ಯಾರು ಎಷ್ಟು ದುಪ್ಪಟ್ಟು ಮಾಡಿದರು ಎಂಬ ವಿಚಾರಣೆ ಇಲ್ಲ. ಹಸಿದವನಿಗೆ ಊಟ ಕೊಟ್ಟೆಯಾ, ಪರದೇಶಿಯನ್ನು ಸೇರಿಸಿಕೊಂಡೆಯಾ, ಜೈಲಿನಲ್ಲಿದ್ದವನನ್ನು ನೋಡಲು ಹೋದೆಯಾ ಎಂಬ ವಿಚಾರಣೆ. ಒಂದೇ ಅಧ್ಯಾಯ, ಒಂದೇ ಉಸಿರು. ಮೊದಲರ್ಧವನ್ನು ವೃತ್ತಿ ಮಾರ್ಗದರ್ಶನ ಮಾಡಿ, ಉಳಿದರ್ಧವನ್ನು ಕ್ರಿಸ್‌ಮಸ್ ಹೊತ್ತಿಗೆ ಕಂಬಳಿ ಹಂಚುವ ಸಮಿತಿಗೆ ಬಿಟ್ಟರೆ ಅದನ್ನು ಓದು ಎನ್ನಲಾಗದು, ಕತ್ತರಿ ಪ್ರಯೋಗ ಎನ್ನಬೇಕು.

ಮೂರನೆಯದು ಕೊಲೊಸ್ಸೆ 3:23. ಏನು ಮಾಡಿದರೂ ಮನುಷ್ಯರಿಗಲ್ಲ, ಕರ್ತನಿಗೇ ಎಂದು ಮನಸ್ಸಿಟ್ಟು ಮಾಡಬೇಕು ಎಂಬ ಅರ್ಥದ ಮಾತು. ಇದು ಕ್ಯುಬಿಕಲ್ಲಿನ ಗೋಡೆಗೆ ಅಂಟುವ ವಚನ. ಹಿಂದಿನ ವಚನ ಯಾರನ್ನು ಕರೆಯುತ್ತದೆ ನೋಡಿ: ದಾಸರನ್ನು. ಮಾರಾಟವಾಗುತ್ತಿದ್ದ, ಕೂಲಿ ಇಲ್ಲದ ದಾಸರನ್ನು. ನಿನ್ನ ದಣಿ ನಿನ್ನನ್ನು ಮನುಷ್ಯ ಎಂದು ಎಣಿಸದಿದ್ದರೂ ನಿನ್ನ ದುಡಿಮೆಯನ್ನು ನೋಡುವ ಇನ್ನೊಬ್ಬನಿದ್ದಾನೆ ಎಂದು ಅವರಿಗೆ ಹೇಳಿದ ಸಮಾಧಾನ ಅದು. ಮೂರೇ ವಚನ ಮುಂದೆ, 4:1ರಲ್ಲಿ, ದಣಿಗಳ ಸರದಿ ಬರುತ್ತದೆ. ನಿಮ್ಮ ಆಳುಗಳಿಗೆ ನ್ಯಾಯವಾದದ್ದನ್ನು, ಸಮನಾದದ್ದನ್ನು ಕೊಡಿರಿ, ನಿಮಗೂ ಮೇಲೊಬ್ಬ ದಣಿ ಇದ್ದಾನೆ ಎಂಬ ಎಚ್ಚರಿಕೆ. ದಣಿಗಳಿಗೆ ಹೇಳಿದ್ದನ್ನು ಗೋಡೆಗೆ ಅಂಟಿಸಿದ ಎಚ್‌ಆರ್ ಕೋಣೆಯನ್ನು ನಾನು ಈವರೆಗೆ ನೋಡಿಲ್ಲ.

ನಾಕಾದಲ್ಲಿ ನಿಂತವರು

ಇನ್ನು ಪುಸ್ತಿಕೆಗಳು ಮುಟ್ಟದೇ ಬಿಡುವ ಸಾಮ್ಯಕ್ಕೆ ಬರೋಣ, ಮತ್ತಾಯ 20. ದ್ರಾಕ್ಷೇತೋಟದ ಯಜಮಾನ ಬೆಳಗ್ಗೆ ಪೇಟೆಗೆ ಹೋಗಿ ದಿನಕ್ಕೆ ಒಂದು ದೀನಾರಿ ಎಂದು ಮಾತಾಡಿ ಕೂಲಿಗಳನ್ನು ಕರೆತರುತ್ತಾನೆ. ಮತ್ತೆ ಮತ್ತೆ ಹೋಗುತ್ತಾನೆ. ಸಂಜೆ ಐದರ ಹೊತ್ತಿಗೆ ಹೋದಾಗಲೂ ಅಲ್ಲಿ ಜನ ನಿಂತಿರುತ್ತಾರೆ. ಯಾಕೆ ಸುಮ್ಮನೆ ನಿಂತಿದ್ದೀರಿ ಎಂದರೆ, ಯಾರೂ ಕರೆಯಲಿಲ್ಲ ಅನ್ನುತ್ತಾರೆ. ಅವರನ್ನೂ ಕರೆತರುತ್ತಾನೆ. ಕೂಲಿ ಕೊಡುವಾಗ ಎಲ್ಲರಿಗೂ ಒಂದೊಂದು ದೀನಾರಿ. ಬೆಳಗ್ಗೆ ಬಂದವರು ಗೊಣಗುತ್ತಾರೆ.

ಆ ಪೇಟೆಯನ್ನು ನೋಡಲು ನಮಗೆ ಪ್ಯಾಲೆಸ್ತೀನಿಗೆ ಹೋಗಬೇಕಾಗಿಲ್ಲ. ಥಾಣೆ, ಕಲ್ಯಾಣ, ನವಿ ಮುಂಬಯಿಯ ಯಾವುದೇ ಕೂಲಿ ನಾಕಾಕ್ಕೆ ಬೆಳಗ್ಗೆ ಎಂಟಕ್ಕೆ ಹೋದರೆ ಸಾಕು. ಮಿಸ್ತ್ರಿಗಳು, ಬಣ್ಣ ಬಳಿಯುವವರು, ಬಿಗಾರಿಗಳು, ಬುಟ್ಟಿ ಹಿಡಿದ ಹೆಂಗಸರು. ಅವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ‘ಇವತ್ತ ಕೆಲಸ ಹತ್ತಿತೇನು?’ ಎಂಬ ಪ್ರಶ್ನೆ ಅಲ್ಲಿನ ನಮಸ್ಕಾರ. ಹನ್ನೊಂದರ ಹೊತ್ತಿಗೂ ಯಾರೂ ಕರೆಯದಿದ್ದರೆ ಆ ದಿನ ಮುಗಿಯಿತು. ಅವರು ಪ್ರತಿಭೆಯನ್ನು ಹೂತಿಟ್ಟವರಲ್ಲ. ಯಾರೂ ಕರೆಯದವರು.

ಸಾಮ್ಯದ ಯಜಮಾನ ಕೆಲಸದ ಗಂಟೆಗಳನ್ನು ಲೆಕ್ಕ ಹಾಕಲಿಲ್ಲ, ಒಂದು ಮನೆಗೆ ಒಂದು ದಿನ ಬೇಕಾದ ಅನ್ನವನ್ನು ಲೆಕ್ಕ ಹಾಕಿದ. ಸಂಜೆ ಐದಕ್ಕೆ ಬಂದವನ ಮಕ್ಕಳಿಗೂ ರಾತ್ರಿ ಎಂಟಕ್ಕೇ ಹಸಿವು. ಆರ್ಥಿಕ ಸಿದ್ಧಾಂತವಾಗಿ ಇದನ್ನು ಒಪ್ಪಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಆದರೆ ನಂಬಿಕೆಯನ್ನು ವೃತ್ತಿಗೆ ಅನ್ವಯಿಸುತ್ತೇನೆ ಎಂದು ಹೊರಟವನು ಬೈಬಲಿನಲ್ಲಿ ನೇರವಾಗಿ ಕೂಲಿಯ ಬಗ್ಗೆ ಇರುವ ಕಥೆಯನ್ನು ಹಾರಿಸಿ, ಕೂಲಿಯ ಮಾತಿಲ್ಲದ ಕಡೆ ಬಡ್ತಿಯನ್ನು ಹುಡುಕಿದರೆ ಅವನ ಉದ್ದೇಶದ ಬಗ್ಗೆ ಅನುಮಾನ ಪಡುವ ಹಕ್ಕು ನನಗಿದೆ.

ನಮ್ಮದೇ ನುಡಿಯಲ್ಲಿ ಇದಕ್ಕೊಂದು ಜೊತೆಗಥೆ ಇದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಕಾಯಕವಾಗಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಹೊಗಳಲಿಲ್ಲ. ಬೇಕಾದ್ದಕ್ಕಿಂತ ಹೆಚ್ಚಾದದ್ದನ್ನು ತಂದಲ್ಲಿಗೇ ಹಿಂದಿರುಗಿಸಿ ಬಾ ಎಂದು ಕಳಿಸಿದಳು. ಪುಸ್ತಿಕೆಗಳ ಇಂಗ್ಲಿಷ್ ‘ವೊಕೇಷನ್’ ಕನ್ನಡಕ್ಕೆ ಬರುವಾಗ ಎಲ್ಲ ಅನುವಾದಕರ ಕೈಯೂ ಮೊದಲು ‘ಕಾಯಕ’ದ ಕಡೆಗೇ ಚಾಚುತ್ತದೆ. ಒಳ್ಳೆಯ ಪದವೇ. ಆದರೆ ಶರಣರಲ್ಲಿ ಕಾಯಕ ಎಂದೂ ಒಂಟಿಯಾಗಿ ಬರುವುದಿಲ್ಲ, ಅದರ ಬೆನ್ನಿಗೆ ದಾಸೋಹ ಇದ್ದೇ ಇರುತ್ತದೆ. ದಾಸೋಹವಿಲ್ಲದ ಕಾಯಕ ಕಂಪನಿಯ ಪೋಸ್ಟರಿಗೆ ಒಗ್ಗುತ್ತದೆ, ಲಕ್ಕಮ್ಮನಿಗೆ ಒಗ್ಗುವುದಿಲ್ಲ.

ಕೆಲಸ ಕಳೆದ ನಂಬಿಕೆ, ಕೆಲಸ ಕಟ್ಟಿದ ನಂಬಿಕೆ

‘ನಂಬಿದರೆ ಮೇಲೆ ಬರುತ್ತೀ’ ಎಂಬುದು ಕನ್ನಡ ಕ್ರೈಸ್ತರ ಚರಿತ್ರೆಗೇ ವಿರುದ್ಧವಾದ ಮಾತು. ನಮ್ಮಲ್ಲಿ ಬಹಳ ಮನೆಗಳಲ್ಲಿ ನಂಬಿಕೆ ಮೊದಲು ತಂದದ್ದು ನಿರುದ್ಯೋಗವನ್ನು.

1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಿಳಿದರು. ಮುಂದಿನ ದಶಕಗಳಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಹೆಚ್ಚು. ಕಳ್ಳು ಇಳಿಸುವ ಕಸುಬು ಹೊಸ ನಂಬಿಕೆಗೆ ಒಗ್ಗದು ಎಂದು ಮಿಷನ್ ಹೇಳಿತು, ಕಸುಬು ಹೋಯಿತು. ಜಾತಿ ಹೊರಗೆ ಹಾಕಿತು, ಗೇಣಿಯ ಭೂಮಿಯೂ ಉಳಿಯುವ ಖಾತ್ರಿ ಇರಲಿಲ್ಲ. ಆಗ ಮಿಷನ್ ಮಾಡಿದ್ದು ಸೆಮಿನಾರ್ ಅಲ್ಲ. ಹಲವು ಕಸುಬುಗಳನ್ನು ಪ್ರಯತ್ನಿಸಿತು. ಗಡಿಯಾರದ ಕೆಲಸದಂಥ ಕೆಲವು ಸೋತವು. ಮುದ್ರಣ, ನೇಯ್ಗೆ, ಹಂಚು ನಿಂತವು. 1851ರಲ್ಲಿ ಬಂದ ಹಾಲರ್ ನೇಯ್ಗೆಯನ್ನು ಗಟ್ಟಿ ಮಾಡಿದರು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಮಂಗಳೂರು ಹಂಚು ಎಂದು ದೇಶವೆಲ್ಲ ಕರೆದದ್ದು ಅಲ್ಲಿಂದ ಬಂತು. ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದದ್ದು, ಕಿಟೆಲ್ ಕೋಶ 1894ರಲ್ಲಿ ಹೊರಬಂದದ್ದು ಇದೇ ಮಿಷನ್ನಿನ ಮುದ್ರಣಾಲಯದ ಬೆನ್ನ ಮೇಲೆ.

ಇದನ್ನು ಬಂಗಾರದ ಯುಗ ಎಂದು ನಾನು ಹೇಳುವುದಿಲ್ಲ. ಮಿಷನ್ನೇ ಬೋಧಕ, ಮಿಷನ್ನೇ ಮಾಲೀಕ, ಹಲವರಿಗೆ ಮನೆ ಕೊಟ್ಟ ಒಡೆಯನೂ ಮಿಷನ್ನೇ. ಸಭೆಯ ಶಿಸ್ತು ತಪ್ಪಿದವನಿಗೆ ಕೆಲಸದ ಚಿಂತೆಯೂ ಹತ್ತುತ್ತಿತ್ತು. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಶತ್ರುವಿನ ಆಸ್ತಿ ಎಂದು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಆದರೂ ಒಂದು ವಿಷಯ ಅಲ್ಲಿ ಸ್ಪಷ್ಟವಾಗಿತ್ತು. ನಂಬಿಕೆಯಿಂದಾಗಿ ಒಬ್ಬನ ಅನ್ನ ಹೋದರೆ ಅವನ ನಂಬಿಕೆಯಲ್ಲಿ ಕೊರತೆ ಹುಡುಕಲಿಲ್ಲ. ಅನ್ನದ ದಾರಿಯನ್ನು ಎಲ್ಲರೂ ಸೇರಿ ಕಟ್ಟಬೇಕು ಎಂದುಕೊಂಡರು.

ನಮ್ಮ ಇಲ್ಲಿನ ಉದಾಹರಣೆ ಇನ್ನೂ ಹತ್ತಿರದ್ದು. ಕಲ್ಯಾಣದಿಂದ ಕಲಬುರಗಿ ಕಡೆಗೆ ಹೋಗುವ ಗಾಡಿ ಪುಣೆ ದಾಟಿದ ಮೇಲೆ ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ನಿನ ಮೂಲಕ ಹೋಗುತ್ತದೆ. ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ ಇರುವುದು ಅಲ್ಲಿ. 1858ರಲ್ಲಿ ಇಂದಿನ ಕರ್ನಾಟಕದ ಗಂಗಾಮೂಲದಲ್ಲಿ ಹುಟ್ಟಿದ ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ವಿದುಷಿ ಎಂದು ಹೊಗಳಿದ್ದ ಸಮಾಜದಲ್ಲಿ ಬಹಳಷ್ಟು ಜನ ಆಮೇಲೆ ಬೆನ್ನು ತಿರುಗಿಸಿದರು. ‘ಕೆರಿಯರ್’ ಲೆಕ್ಕದಲ್ಲಿ ಅದು ದೊಡ್ಡ ನಷ್ಟ. ಅವರು ಬರಗಾಲದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು, ವಿಧವೆಯರನ್ನು ಕೇಡಗಾಂವಿಗೆ ಕರೆತಂದು ಓದು, ನೇಯ್ಗೆ, ಅಚ್ಚಿನ ಕೆಲಸ ಕಲಿಸಿದರು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. ಓದು ಕಡಿಮೆ ಇರುವ ಹೆಂಗಸಿಗೂ ತಿಳಿಯಬೇಕು ಎಂಬುದು ಆ ಅನುವಾದದ ನಿಯಮ. ಅದರ ಮೊಳೆ ಜೋಡಿಸಿ ಅಚ್ಚು ಮಾಡಿದವರು ಅಲ್ಲಿನ ಹೆಂಗಸರೇ. ರಮಾಬಾಯಿ 1922ರಲ್ಲಿ ತೀರಿಕೊಂಡರು, ಪೂರ್ಣ ಬೈಬಲ್ 1924ರಲ್ಲಿ ಹೊರಬಂತು. ನಂಬಿಕೆಯನ್ನು ವೃತ್ತಿಗೆ ಅನ್ವಯಿಸುವುದು ಎಂದರೆ ಏನು ಎಂದು ಯಾರಾದರೂ ನನ್ನನ್ನು ಕೇಳಿದರೆ, ಮನೆಯಿಂದ ಹೊರಹಾಕಿಸಿಕೊಂಡ ಹುಡುಗಿಯೊಬ್ಬಳು ಕಂಪೋಸಿಟರ್ ಆದದ್ದನ್ನು ತೋರಿಸುತ್ತೇನೆ.

1950ರ ಆದೇಶ ಮತ್ತು ಎರಡು ಹೆಸರು

ನಂಬಿಕೆ ಕೆಲಸವನ್ನು ಕಳೆಯುವುದು ಹಳೆಯ ಕಥೆ ಎಂದು ತಿಳಿಯಬೇಡಿ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ ಮೂರನೇ ಪರಿಚ್ಛೇದದ ಪ್ರಕಾರ ಹಿಂದೂ ಅಲ್ಲದವರಿಗೆ ಪರಿಶಿಷ್ಟ ಜಾತಿಯ ಸ್ಥಾನ ಇರಲಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಹೊರಗೇ ಉಳಿದರು. ಇದನ್ನು ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಲಾಯಿತು.

ಬೀದರ, ಕಲಬುರಗಿ ಕಡೆಯ ಮೆಥಡಿಸ್ಟ್ ಸಭೆಗಳಲ್ಲಿ ದಲಿತ ಕುಟುಂಬಗಳೇ ಹೆಚ್ಚು. ಅಲ್ಲಿಂದ ಕೆಲಸ ಹುಡುಕಿ ಇಲ್ಲಿಗೆ ಬಂದ ಹುಡುಗನಿಗೆ ‘ನಂಬಿಕೆ ಮತ್ತು ವೃತ್ತಿ’ ಎಂಬುದು ಏಳು ಹೆಜ್ಜೆಗಳ ವಿಷಯವಲ್ಲ. ಅದು ಒಂದು ಫಾರಂನ ಒಂದು ಕಾಲಂ. ಅಲ್ಲಿ ತನ್ನ ನಂಬಿಕೆಯನ್ನು ಬರೆದರೆ ಮೀಸಲಾತಿಯ ನೌಕರಿ ಇಲ್ಲ, ಬರೆಯದಿದ್ದರೆ ಮನಸ್ಸಿಗೆ ನೆಮ್ಮದಿ ಇಲ್ಲ. ಸಭೆಯಲ್ಲಿ ಒಂದು ಹೆಸರು, ಸರ್ಟಿಫಿಕೇಟಿನಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡವರ ಬಗ್ಗೆ ಪಿಸುಮಾತಿನಲ್ಲಿ ತೀರ್ಪು ಕೊಡುವವರು ನಮ್ಮಲ್ಲಿದ್ದಾರೆ. ಈ ಹುಡುಗನ ಮುಂದೆ ನಿಂತು ‘ನಿನ್ನ ನಂಬಿಕೆಯೇ ನಿನ್ನ ಬಂಡವಾಳ’ ಎನ್ನುವುದು ಕ್ರೌರ್ಯ. ಅವನ ನಂಬಿಕೆಗೆ ಅವನೇ ಬೆಲೆ ಕಟ್ಟಿಕೊಡುತ್ತಿದ್ದಾನೆ. ಸಭೆ ಅವನಿಗೆ ಹೇಳಬೇಕಾದ್ದೇನಾದರೂ ಇದ್ದರೆ ಆ ಕಾಲಂ ಬಗ್ಗೆ ಹೇಳಬೇಕು, ವೇದಿಕೆಯಿಂದ, ಗಟ್ಟಿಯಾಗಿ.

ಭಾನುವಾರ ಯಾರು ಕೊಟ್ಟದ್ದು

ಭಾನುವಾರದ ಆರಾಧನೆಯಲ್ಲಿ ಕೂತು ಈ ಪುಸ್ತಿಕೆ ಓದುವ ನಮಗೆ ಆ ಭಾನುವಾರ ಎಲ್ಲಿಂದ ಬಂತು ಎಂಬುದೂ ಗೊತ್ತಿರಬೇಕು. ಮುಂಬಯಿಯ ಗಿರಣಿ ಕಾರ್ಮಿಕರಿಗೆ ವಾರದ ರಜೆ ಕೊಡಿಸಿದವರು ನಾರಾಯಣ ಮೇಘಾಜಿ ಲೋಖಂಡೆ. 1848ರಲ್ಲಿ ಥಾಣೆಯಲ್ಲಿ ಹುಟ್ಟಿದವರು, ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು, ‘ದೀನಬಂಧು’ ಪತ್ರಿಕೆಯ ಸಂಪಾದಕರು. ವರ್ಷಗಟ್ಟಲೆ ಮನವಿ, ಸಭೆ ನಡೆಸಿದ ಮೇಲೆ 1890ರ ಜೂನ್ 10ರಂದು ಭಾನುವಾರದ ರಜೆಗೆ ಗಿರಣಿ ಮಾಲೀಕರು ಒಪ್ಪಿದರು. ಲೋಖಂಡೆಯವರ ವಾದದಲ್ಲಿ ಭಾನುವಾರ ಖಂಡೋಬನ ದಿನ. ಖಂಡೋಬ ಎಂದರೆ ನಮ್ಮ ಮೈಲಾರಲಿಂಗ. ಆರು ದಿನ ಹೊಟ್ಟೆಗೆ, ಒಂದು ದಿನ ದೇವರಿಗೆ, ಸಮಾಜಕ್ಕೆ, ಮೈಗೆ ಎಂಬುದು ಅವರ ನಿಲುವು.

ಕ್ರೈಸ್ತರ ಸಬ್ಬತ್ತನ್ನು ಕ್ರೈಸ್ತ ಮಾಲೀಕರು ಕೊಡಲಿಲ್ಲ, ಥಾಣೆಯ ಸತ್ಯಶೋಧಕನೊಬ್ಬ ಮೈಲಾರನ ಹೆಸರಿನಲ್ಲಿ ಗೆದ್ದುಕೊಟ್ಟ. ವಿಮೋಚನಕಾಂಡ 20ರ ಸಬ್ಬತ್ತಿನ ಆಜ್ಞೆ ಕೂಡ ‘ನೀನು’ ಎಂದಷ್ಟೇ ಹೇಳಿ ನಿಲ್ಲುವುದಿಲ್ಲ. ನಿನ್ನ ಆಳು, ನಿನ್ನ ಹೆಣ್ಣಾಳು, ನಿನ್ನ ದನ, ನಿನ್ನ ಊರಿನಲ್ಲಿರುವ ಪರದೇಶಿ ಎಲ್ಲರನ್ನೂ ಎಣಿಸುತ್ತದೆ. ಈಗ ನಾವು ಆರಾಧನೆಯಲ್ಲಿರುವಾಗ ನಮ್ಮ ಸೊಸೈಟಿಯ ವಾಚ್‌ಮನ್ ಹನ್ನೆರಡು ಗಂಟೆಯ ಪಾಳಿಯಲ್ಲಿರುತ್ತಾನೆ, ಮಧ್ಯಾಹ್ನದ ಬಿರಿಯಾನಿ ತರುವ ಹುಡುಗ ಬೈಕಿನ ಮೇಲಿರುತ್ತಾನೆ, ಮನೆಗೆಲಸದ ಬಾಯಿ ‘ಭಾನುವಾರವೇ ಪಾತ್ರೆ ಜಾಸ್ತಿ’ ಎಂದು ಬೇಗ ಬಂದಿರುತ್ತಾಳೆ. ನಮ್ಮ ವಿಶ್ರಾಂತಿ ಅವರ ಓವರ್‌ಟೈಮಿನ ಮೇಲೆ ನಿಂತಿದೆ. ವೈಯಕ್ತಿಕ ಬೆಳವಣಿಗೆಯ ಯಾವ ಪುಸ್ತಿಕೆಯೂ ಇದನ್ನು ಕೇಳುವುದಿಲ್ಲ.

ಎರಡು ಆಕ್ಷೇಪ

ಬಡವರು ಕೆಲಸಕ್ಕಾಗಿ ಪ್ರಾರ್ಥಿಸುವುದೂ ತಪ್ಪೇ ಎಂದು ಕೇಳಬಹುದು. ಖಂಡಿತ ಅಲ್ಲ. ಮಗನ ರೆಸ್ಯೂಮನ್ನು ಪಾಸ್ಟರ ಕೈಗೆ ಕೊಟ್ಟು ‘ಕೈಯಿಟ್ಟು ಪ್ರಾರ್ಥನೆ ಮಾಡ್ರಿ’ ಎನ್ನುವ ತಾಯಿಯನ್ನು ನಾನು ಗೇಲಿ ಮಾಡುವುದಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲೇ ಅನ್ನದ ಬೇಡಿಕೆ ಇದೆ. ಆದರೆ ಅಲ್ಲಿಯೂ ಅದು ‘ನನ್ನ’ ಅನ್ನವಲ್ಲ, ‘ನಮ್ಮ’ ಅನ್ನ, ಅದೂ ಆ ದಿನದ್ದು. ತಾಯಿ ಕೇಳುವುದು ಅದನ್ನು. ಪುಸ್ತಿಕೆ ಮಾರುವುದು ಬೇರೆಯದನ್ನು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಮಿಷನ್ ಶಾಲೆ, ಇಂಗ್ಲಿಷ್, ಆಫೀಸಿನ ಕೆಲಸ ಇವುಗಳಿಂದಲೇ ತಲೆತಲಾಂತರದ ಜೀತದಿಂದ ಹೊರಬಂದವರು ಇದ್ದಾರೆ. ಅವರಿಗೆ ಬೆಳವಣಿಗೆ ಬೇಡ ಎನ್ನಲು ನೀನು ಯಾರು? ನಾನು ಹಾಗೆನ್ನುವುದಿಲ್ಲ. ಸಂಬಳ ಏರಬೇಕು, ಮನೆ ಆಗಬೇಕು, ಮಕ್ಕಳು ಓದಬೇಕು. ಆದರೆ ಆ ಏಳಿಗೆ ಆದದ್ದು ಯಾರೋ ಶಾಲೆ ಕಟ್ಟಿದ್ದರಿಂದ, ಹಾಸ್ಟೆಲ್ ನಡೆಸಿದ್ದರಿಂದ. ಬೆಳೆದವರು ಏಣಿಯನ್ನು ಮೇಲಕ್ಕೆ ಎಳೆದುಕೊಂಡು, ಕೆಳಗಿರುವವನಿಗೆ ‘ಇನ್ನಷ್ಟು ನಂಬು’ ಎನ್ನುವುದನ್ನು ನಾನು ವಿರೋಧಿಸುತ್ತಿದ್ದೇನೆ.

ಯಾಕೆಂದರೆ ಇದರ ಇನ್ನೊಂದು ಮುಖ ಬಹಳ ಕೆಟ್ಟದ್ದು. ನಂಬಿಕೆಯಿಂದ ಬಡ್ತಿ ಬರುವುದಾದರೆ, ಕೆಲಸ ಹೋದವನ ನಂಬಿಕೆಗೆ ಏನಾಗಿತ್ತು? ಲೇ-ಆಫ್ ಆದವನು ಮೊದಲ ಎರಡು ಭಾನುವಾರ ಸಭೆಗೆ ಬರುತ್ತಾನೆ. ‘ದೇವರಿಗೆ ದೊಡ್ಡ ಪ್ಲಾನ್ ಇದೆ’ ಎಂದು ಹತ್ತು ಜನ ಬೆನ್ನು ತಟ್ಟುತ್ತಾರೆ. ಮೂರು ತಿಂಗಳಾದರೂ ಪ್ಲಾನ್ ಕಾಣದಿದ್ದಾಗ ಅವನು ಬರುವುದನ್ನು ನಿಲ್ಲಿಸುತ್ತಾನೆ. ಬಡ್ತಿಯ ಸಾಕ್ಷಿ ಹೇಳಲು ಮೈಕ್ ಸಿಗುವ ಜಾಗದಲ್ಲಿ ಇಎಂಐ ಕಟ್ಟಲಾಗದವನಿಗೆ ಕೂರಲು ಜಾಗ ಸಿಗುವುದಿಲ್ಲ. ಫಿಲಿಪ್ಪಿ 4:13ನ್ನು ಗೆಲುವಿನ ಘೋಷಣೆ ಮಾಡಿಕೊಂಡವರು, ಅದನ್ನು ಬರೆದವನು ಸೆರೆಮನೆಯಲ್ಲಿದ್ದ, ಹಸಿವನ್ನೂ ಕೊರತೆಯನ್ನೂ ತಾಳಿಕೊಳ್ಳುವ ಶಕ್ತಿಯ ಬಗ್ಗೆ ಬರೆದ ಎಂಬುದನ್ನು ಅವನಿಗೆ ಹೇಳಬಹುದಿತ್ತು.

ಏನು ಮಾಡಬೇಕು

ಪುಸ್ತಿಕೆಯ ಕೊನೆಯ ನಾಲ್ಕು ಖಾಲಿ ಗೆರೆಗಳನ್ನು ಬೇರೆ ಪ್ರಶ್ನೆಗಳಿಗೆ ಬಳಸಬಹುದು ಎಂಬುದು ನನ್ನ ಸಲಹೆ.

ನೀವು ಮಹಾಪೆಯಲ್ಲೋ ಐರೋಲಿಯಲ್ಲೋ ಮ್ಯಾನೇಜರ್ ಆಗಿದ್ದರೆ: ನಿಮ್ಮ ಮಹಡಿ ಗುಡಿಸುವ ಗುತ್ತಿಗೆಯ ಹೆಂಗಸಿನ ಕೈಗೆ ತಿಂಗಳಿಗೆ ಎಷ್ಟು ಸೇರುತ್ತದೆ, ಪಿ.ಎಫ್. ತುಂಬುತ್ತಾರೆಯೇ, ವಾರಕ್ಕೊಂದು ರಜೆ ಇದೆಯೇ? ಬಿಲ್ಲಿಗೆ ಸಹಿ ಹಾಕುವವರು ನೀವಾದರೆ ಕೇಳುವ ಅಧಿಕಾರವೂ ನಿಮಗಿದೆ. ಕೂಲಿಯನ್ನು ತಡೆಹಿಡಿದರೆ ಆ ಕೂಲಿಯೇ ಕೂಗುತ್ತದೆ ಎಂದು ಯಾಕೋಬನ ಪತ್ರ 5:4 ಹೇಳುತ್ತದೆ.

ಡೊಂಬಿವಲಿಯ ಎಂಐಡಿಸಿಯಲ್ಲಿ ಸುರಕ್ಷತೆಯ ಕಾಗದಕ್ಕೆ ಸಹಿ ಮಾಡುವವರಾಗಿದ್ದರೆ: 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಅಲ್ಲಿನ ರಾಸಾಯನಿಕ ಕಾರ್ಖಾನೆಗಳಲ್ಲಿ ಸ್ಫೋಟವಾಗಿ ಜನ ಸತ್ತರು. ಕರ್ತನಿಗೆ ಮಾಡಿದ ಹಾಗೆ ಕೆಲಸ ಮಾಡುವುದು ಎಂದರೆ ನೋಡದ ವಾಲ್ವಿನ ಮುಂದೆ ‘ನೋಡಿದೆ’ ಎಂದು ಟಿಕ್ ಹಾಕದಿರುವುದು. ಇದರಿಂದ ಬಡ್ತಿ ತಪ್ಪಬಹುದು. ತಪ್ಪಿದರೆ, ಆ ಸಾಕ್ಷಿಗೆ ಸಭೆ ಮೈಕ್ ಕೊಡಬೇಕು.

ಸಭೆಗಳಿಗೆ ಒಂದು ಮಾತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಿಂದ ಹುಟ್ಟಿದ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ದಿನಕ್ಕೊಬ್ಬ ಕಂತ್ರಾಟುದಾರನ ಹಿಂದೆ ಹೋಗುವ ನಾಕಾ ಕೂಲಿಗೆ ಆ ಕಾಗದ ಕೊಡುವವರು ಯಾರು? ಫಾರಂ ಮರಾಠಿಯಲ್ಲಿ, ಕೆಲಸ ಆನ್‌ಲೈನಿನಲ್ಲಿ, ಕೂಲಿ ಯಾದಗಿರಿಯ ಕನ್ನಡದಲ್ಲಿ. ನಮ್ಮ ಸಭೆಗಳಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬಲ್ಲವರಿದ್ದಾರೆ, ಲ್ಯಾಪ್‌ಟಾಪ್ ಇದೆ, ವಾರವಿಡೀ ಖಾಲಿ ಬೀಳುವ ಹಾಲ್ ಇದೆ. ‘ನಂಬಿಕೆ ಮತ್ತು ವೃತ್ತಿ’ ಸೆಮಿನಾರಿನ ಒಂದು ಶನಿವಾರವನ್ನು ಇದಕ್ಕೆ ಕೊಡಬಹುದು. ಬಂದವರು ಯಾವ ದೇವರಿಗೆ ಕೈ ಮುಗಿಯುತ್ತಾರೆ ಎಂದು ಕೇಳಬೇಕಾಗಿಲ್ಲ. ಲೋಖಂಡೆಯವರು ಭಾನುವಾರ ಗೆದ್ದುಕೊಡುವಾಗ ನಮ್ಮನ್ನೂ ಕೇಳಲಿಲ್ಲ.

ನನ್ನಂಥ ಅನುವಾದಕರಿಗೂ ಒಂದು ಕೆಲಸ ಇದೆ. ಮುಂದಿನ ಸಲ ಆ ಇಂಗ್ಲಿಷ್ ‘ಯೂ’ ಎದುರಾದಾಗ ಮೂಲವನ್ನು ತೆರೆದು ನೋಡುವುದು, ಅದು ಬಹುವಚನವಾಗಿದ್ದರೆ ‘ನೀವೆಲ್ಲ’ ಎಂದು ಬರೆಯುವುದು. ಪ್ರಕಾಶಕರು ಒಂಟಿ ‘ನೀನು’ ಬೇಕೆಂದರೆ ವಾದ ಮಾಡುವುದು. ಆ ಒಂದು ಪದ ಉಳಿದರೆ, ಓದುವವನಿಗೆ ತನ್ನ ಪಕ್ಕದಲ್ಲಿ ಇನ್ನೂ ಯಾರೋ ಇದ್ದಾರೆ ಎಂದಾದರೂ ಗೊತ್ತಾಗುತ್ತದೆ.